ಗುರುವಾರದ ಕರೆಂಟಿಗೆ ಕಾರಿನ ಬ್ಯಾಟರಿ: ವಿ-ಟು-ಎಲ್ ಕೇಬಲ್ ಪುಣೆಯ ಫ್ಲ್ಯಾಟಿನಲ್ಲಿ ಎಷ್ಟು ಉಪಯೋಗ?

ಪುಣೆಯಲ್ಲಿ ಗುರುವಾರ ಪಕ್ಕದ ಮನೆಯಿಂದ ‘ಲೈಟ್ ಗೇಲಿ’ ಎಂಬ ಕೂಗು ಬಂದರೆ ಮಹಾರಾಷ್ಟ್ರದ ಸರ್ಕಾರಿ ವಿದ್ಯುತ್ ಕಂಪನಿಯಾದ ಮಹಾವಿತರಣದವರು ರಿಪೇರಿಗೆಂದು ಲೈನ್ ಬಂದ್ ಮಾಡಿದ್ದಾರೆ ಎಂದೇ ಲೆಕ್ಕ. ಮರಾಠಿಯಲ್ಲಿ ಅದು ಕರೆಂಟ್ ಹೋದ ಸುದ್ದಿ. ಕನ್ನಡದ ಕಿವಿಗೆ ಮಾತ್ರ ಗೇಲಿಯಾಗಿಯೇ ಕೇಳುತ್ತದೆ. ಕೆಳಗೆ ಪಾರ್ಕಿಂಗಿನಲ್ಲಿ 45 ಯೂನಿಟ್ ತುಂಬಿಕೊಂಡ ಎಲೆಕ್ಟ್ರಿಕ್ ಕಾರು ಸುಮ್ಮನೆ ನಿಂತಿದ್ದರೆ ಗೇಲಿ ಇನ್ನಷ್ಟು ಜೋರು. ಆ ಕಾರಿನಿಂದ ಕರೆಂಟ್ ಹೊರಗೆ ತೆಗೆಯುವ ಸಾಧನವೇ ವಿ-ಟು-ಎಲ್ ಕೇಬಲ್, ಅಂದರೆ ವೆಹಿಕಲ್ ಟು ಲೋಡ್. ‘ಮನೆಗೂ ಕೊಡುತ್ತದೆ, ನಾಳೆ ಗ್ರಿಡ್ಡಿಗೂ ಕೊಡುತ್ತದೆ’ ಎಂದು ಇದನ್ನು ಹೊಗಳುವವರಿದ್ದಾರೆ. ಮೊದಲನೆಯದು ಷರತ್ತುಗಳ ಮೇಲೆ ನಿಜ. ಎರಡನೆಯದು ಈ ಕೇಬಲ್ಲಿನಿಂದ ಆಗುವ ಕೆಲಸವೇ ಅಲ್ಲ.

ಟಾಟಾ ನೆಕ್ಸಾನ್ ಇವಿಯಲ್ಲಿ 2023ರ ಸೆಪ್ಟೆಂಬರ್ ಮಾಡೆಲ್ಲಿನಿಂದ ಈ ಸೌಲಭ್ಯವಿದೆ, 3.3 ಕೆವಿಎ ಮಿತಿಯಲ್ಲಿ. ಹ್ಯುಂಡೈ ಅಯೋನಿಕ್ 5ರಲ್ಲಿ 3.6 ಕಿಲೋವ್ಯಾಟ್. ಕ್ರೆಟಾ ಎಲೆಕ್ಟ್ರಿಕ್, ಬಿವೈಡಿ ಅಟ್ಟೊ 3, ಎಂಜಿ ವಿಂಡ್ಸರ್ ಪ್ರೋ ಕೂಡ ಪಟ್ಟಿಯಲ್ಲಿವೆ. ಮಾಡೆಲ್ ಹೆಸರು ನೋಡಿ ಸುಮ್ಮನಾಗಬೇಡಿ, ವೇರಿಯಂಟ್ ನೋಡಿ. ಕಡಿಮೆ ಬೆಲೆಯ ವೇರಿಯಂಟಿನಲ್ಲಿ ಸೌಲಭ್ಯ ಇಲ್ಲದಿರಬಹುದು. ಇದ್ದರೂ ಕೇಬಲ್ ಕಾರಿನ ಜತೆ ಬರುತ್ತದೆಯೇ, ಬೇರೆ ದುಡ್ಡು ಕೊಡಬೇಕೇ ಎಂಬುದನ್ನು ಬುಕ್ ಮಾಡುವಾಗಲೇ ಬರೆಸಿಕೊಳ್ಳಿ.

3.3 ಕೆವಿಎ ಎಂದರೆ 230 ವೋಲ್ಟಿನಲ್ಲಿ 14 ಆಂಪಿಯರ್. ಗೀಸರಿಗೆ ಹಾಕುವಂಥ ಒಂದು 16 ಆಂಪಿಯರ್ ಸಾಕೆಟ್, ಅಷ್ಟೇ. ಆದರೆ ಅದರ ಹಿಂದಿರುವ ಉಗ್ರಾಣ ದೊಡ್ಡದು. ಮನೆಯ ಇನ್ವರ್ಟರಿನ 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1.8 ಯೂನಿಟ್ ಇರುತ್ತದೆ. 45 ಯೂನಿಟ್ಟಿನ ಕಾರು ಎಂದರೆ ಅಂಥ 25 ಬ್ಯಾಟರಿ.

ಕೇಬಲ್ಲಿನ ಒಳಗೆ

ನೋಡಲು ಚಾರ್ಜಿಂಗ್ ಕೇಬಲ್ಲಿನ ಒಂದು ತುದಿ, ಇನ್ನೊಂದು ತುದಿಯಲ್ಲಿ ಮೂರು ಪಿನ್ನಿನ ಸಾಕೆಟ್ ಪೆಟ್ಟಿಗೆ. ಕಾರಿನ ಕಡೆಯ, ಟೈಪ್ 2 ಎಂಬ ಮಾದರಿಯ ಪ್ಲಗ್ಗಿನಲ್ಲಿ ಏಳು ಪಿನ್: ಮೂರು ಫೇಸ್, ಒಂದು ನ್ಯೂಟ್ರಲ್, ಒಂದು ಅರ್ಥಿಂಗ್, ಇವಲ್ಲದೆ ಮಾತುಕತೆಗೆಂದು ಎರಡು ಸಣ್ಣ ಪಿನ್. ಆ ಎರಡರಲ್ಲಿ ಒಂದಾದ ಪ್ರಾಕ್ಸಿಮಿಟಿ ಪಿನ್ನಿಗೂ ಅರ್ಥಿಂಗಿಗೂ ನಡುವೆ ಒಂದು ರೆಸಿಸ್ಟರ್ ಕೂತಿರುತ್ತದೆ. ಮಾಮೂಲಿ ಚಾರ್ಜಿಂಗ್ ಕೇಬಲ್ಲಿನಲ್ಲಿ 220 ಓಮ್ ಇದ್ದರೆ ಅದು 32 ಆಂಪಿಯರ್ ತಡೆಯುವ ಕೇಬಲ್, 680 ಓಮ್ ಇದ್ದರೆ 20 ಆಂಪಿಯರಿನದು ಎಂದು ಕಾರು ತಿಳಿಯುತ್ತದೆ. ವಿ-ಟು-ಎಲ್ ಕೇಬಲ್ಲಿನಲ್ಲಿ ಬೇರೆಯೇ ಓಮ್ ಅಳತೆಯ ರೆಸಿಸ್ಟರ್ ಇರುತ್ತದೆ. ಕಾರು ಅದನ್ನು ಓದಿ ‘ಈಗ ತೆಗೆದುಕೊಳ್ಳುವುದಲ್ಲ, ಕೊಡುವುದು’ ಎಂದು ಅರ್ಥ ಮಾಡಿಕೊಂಡು ತನ್ನೊಳಗೇ ಇರುವ ಆನ್‌ಬೋರ್ಡ್ ಚಾರ್ಜರನ್ನು ಹಿಮ್ಮುಖವಾಗಿ ಓಡಿಸುತ್ತದೆ.

ಗೊಂದಲ ಇರುವುದು ಇಲ್ಲಿ. ಈ ಓಮ್ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ. ಹಾಗಾಗಿ ಒಂದು ಕಾರಿನ ಕೇಬಲ್ ಇನ್ನೊಂದಕ್ಕೆ ಸರಿಯಾಗಿ ಕೂತರೂ ಕರೆಂಟ್ ಬರುವುದಿಲ್ಲ. ಆನ್‌ಲೈನಿನಲ್ಲಿ ‘ಎಲ್ಲ ಟೈಪ್ 2 ಕಾರಿಗೂ’ ಎಂದು ಮಾರುವ ಅಗ್ಗದ ಅಡಾಪ್ಟರುಗಳನ್ನು ಈ ಒಂದು ಕಾರಣಕ್ಕೇ ಬಿಡಬಹುದು. ಇನ್ನೊಂದು ಕಾರಣವೂ ಇದೆ: ಅಗ್ಗದ ಅನೇಕವುಗಳಲ್ಲಿ ಸಾಕೆಟ್ಟಿಗೆ ಮೊದಲು ಎಂಸಿಬಿ, ಅಂದರೆ ಲೋಡ್ ಮೀರಿದರೆ ತಾನೇ ಬೀಳುವ ಸ್ವಿಚ್, ಇರುವುದಿಲ್ಲ. ಲೋಡ್ ಹೆಚ್ಚಾದಾಗ ಕಾರೇ ತಡೆಯಬೇಕು. ಅಷ್ಟರಲ್ಲಿ ಸಡಿಲವಾದ ಪಿನ್ ಕಂದು ಬಣ್ಣಕ್ಕೆ ತಿರುಗಿರುತ್ತದೆ.

ಬಳಸುವ ಕ್ರಮ ಸರಳ, ಆದರೆ ಹಿಂದುಮುಂದಾದರೆ ಕಾರು ಎರರ್ ತೋರಿಸಿ ಕೂರುತ್ತದೆ. ಗಾಡಿ ಪಾರ್ಕ್ ಮೋಡಿನಲ್ಲಿರಲಿ. ಸ್ಕ್ರೀನಿನಲ್ಲಿ ಡಿಸ್ಚಾರ್ಜ್ ಮಿತಿ, ಅಂದರೆ ಬ್ಯಾಟರಿ ಶೇ ಎಷ್ಟಕ್ಕೆ ಇಳಿದಾಗ ಕೊಡುವುದು ನಿಲ್ಲಬೇಕು ಎಂಬುದನ್ನು, ಮೊದಲೇ ಇಡಿ. ಆಮೇಲೆ ಪ್ಲಗ್ ಹಾಕಿ, ಲಾಕ್ ಬಿದ್ದ ಸದ್ದು ಕೇಳಿಸಿಕೊಳ್ಳಿ. ಸಾಕೆಟ್ಟಿಗೆ ಆಗ ಏನೂ ಸಿಕ್ಕಿಸಿರಬಾರದು. ಪೆಟ್ಟಿಗೆಯ ಬಟನ್ ಅಥವಾ ಸ್ಕ್ರೀನಿನಿಂದ ಚಾಲೂ ಮಾಡಿ, ದೀಪ ಸ್ಥಿರವಾದ ಮೇಲೆ ಲೋಡುಗಳನ್ನು ಒಂದೊಂದಾಗಿ ಹಾಕಿ: ಮೊದಲು ಮೋಟಾರ್ ಇರುವುದು, ಆಮೇಲೆ ಉಳಿದವು. ನಿಲ್ಲಿಸುವಾಗ ಮೊದಲು ಲೋಡ್, ನಂತರ ಬಟನ್, ಕೊನೆಗೆ ಪ್ಲಗ್. ಲೋಡ್ ಇರುವಾಗಲೇ ಪ್ಲಗ್ ಎಳೆಯುವ ಅಭ್ಯಾಸ ಮಾಡಿಕೊಂಡರೆ ಪಿನ್ನಿನ ಮೇಲೆ ಕಿಡಿಯ ಕಲೆ ಕೂರುತ್ತದೆ.

ಏನು ಓಡುತ್ತದೆ, ಏನು ಓಡುವುದಿಲ್ಲ

ಫ್ಯಾನ್, ದೀಪ, ರೂಟರ್, ಲ್ಯಾಪ್‌ಟಾಪ್, ಟಿವಿ, ಮಿಕ್ಸಿಗೆ ತೊಂದರೆಯಿಲ್ಲ. ಇನ್ವರ್ಟರ್ ಕಂಪ್ರೆಸರಿನ ಫ್ರಿಜ್ ಸದ್ದಿಲ್ಲದೆ ಶುರುವಾಗುತ್ತದೆ. ಹಳೆಯ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಹಲವು ಪಟ್ಟು ಕರೆಂಟ್ ಎಳೆಯುತ್ತದಾದರೂ 14 ಆಂಪಿಯರಿನೊಳಗೆ ಸಾಮಾನ್ಯವಾಗಿ ನಿಭಾಯಿಸುತ್ತದೆ. ಒಂದೂವರೆ ಟನ್ನಿನ ಇನ್ವರ್ಟರ್ ಎಸಿಯೂ ಓಡುತ್ತದೆ. 2 ಕಿಲೋವ್ಯಾಟ್ ಗೀಸರ್ ಅಥವಾ ಇಂಡಕ್ಷನ್ ಒಲೆ ಓಡುತ್ತದೆ, ಎರಡನ್ನೂ ಒಟ್ಟಿಗೆ ಹಾಕಿದರೆ ನಿಲ್ಲುತ್ತದೆ.

ನೀರಿನ ಪಂಪ್ ಬೇರೆ ಕಥೆ. 1 ಎಚ್‌ಪಿ ಸಿಂಗಲ್ ಫೇಸ್ ಪಂಪ್ ಓಡುವಾಗ ಸುಮಾರು 5 ಆಂಪಿಯರ್, ಶುರುವಾಗುವಾಗ ಅದರ ಐದಾರು ಪಟ್ಟು. 25-30 ಆಂಪಿಯರ್ ಕೊಡಲು ಕಾರಿನ ಇನ್ವರ್ಟರಿಗೆ ಆಗುವುದಿಲ್ಲ, ಟ್ರಿಪ್ ಆಗುತ್ತದೆ. ಸೊಸೈಟಿಯ ಸೆಕ್ರೆಟರಿ ಖಂಡಿತ ಕೇಳುವ ಪ್ರಶ್ನೆಯೊಂದಿದೆ: ‘ಲಿಫ್ಟಿಗೆ ಕೊಡಬಹುದಾ?’ ಇಲ್ಲ. ಲಿಫ್ಟು, ದೊಡ್ಡ ಪಂಪು ತ್ರೀ ಫೇಸಿನವು. ಈ ಕೇಬಲ್ ಕೊಡುವುದು ಸಿಂಗಲ್ ಫೇಸ್.

ಇನ್ನೊಂದು ನಿರಾಶೆ: ಎಲೆಕ್ಟ್ರಿಕ್ ಸ್ಕೂಟರಿನ ಅಥವಾ ಇನ್ನೊಂದು ಕಾರಿನ ಪೋರ್ಟೆಬಲ್ ಚಾರ್ಜರನ್ನು ಇದಕ್ಕೆ ಹಾಕಿದರೆ ಅನೇಕ ಸಲ ‘ಅರ್ಥಿಂಗ್ ಫಾಲ್ಟ್’ ಎಂದು ಕೆಂಪು ದೀಪ. ಚಾರ್ಜರ್ ಕೆಟ್ಟಿದೆಯೆಂದು ಸರ್ವಿಸ್ ಸೆಂಟರಿಗೆ ಹೊತ್ತೊಯ್ಯಬೇಡಿ. ಮನೆಯ ಸಪ್ಲೈನಲ್ಲಿ ನ್ಯೂಟ್ರಲ್ ಟ್ರಾನ್ಸ್‌ಫಾರ್ಮರಿನ ಬಳಿ ಭೂಮಿಗೆ ಕಟ್ಟಿರುತ್ತದೆ. ಕಾರಿನ ಔಟ್‌ಪುಟ್ ಸಾಮಾನ್ಯವಾಗಿ ಯಾವುದಕ್ಕೂ ಕಟ್ಟದೆ ತೇಲುತ್ತಿರುತ್ತದೆ. ಹಾಗಾಗಿ ಟೆಸ್ಟರ್ ಎರಡೂ ತೂತಿನಲ್ಲಿ ಮಿಣುಕಬಹುದು, ಅರ್ಥಿಂಗ್ ಹುಡುಕುವ ಚಾರ್ಜರ್ ಅದು ಸಿಗದೆ ಕೆಲಸ ಮಾಡಲು ಒಪ್ಪುವುದಿಲ್ಲ.

ಇದರಲ್ಲೇ ಸುರಕ್ಷತೆಯ ಒಂದು ಮೋಸವೂ ಇದೆ. ಎಕ್ಸ್‌ಟೆನ್ಷನ್ ಬೋರ್ಡಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಹಾಕಿಸಿ, ಅದರ ಟೆಸ್ಟ್ ಬಟನ್ ಒತ್ತಿ, ಟ್ರಿಪ್ ಆಯಿತು ಎಂದು ನೆಮ್ಮದಿಯಾಗುವವರಿದ್ದಾರೆ. ಟೆಸ್ಟ್ ಬಟನ್ ತನ್ನೊಳಗೇ ಫೇಸಿನಿಂದ ನ್ಯೂಟ್ರಲ್ಲಿಗೆ ಒಂದು ಸಣ್ಣ ಅಡ್ಡದಾರಿ ಮಾಡಿ ಟ್ರಿಪ್ ಮಾಡಿಸುತ್ತದೆ. ಅದಕ್ಕೆ ಭೂಮಿಯ ಸಂಪರ್ಕ ಬೇಕೇ ಇಲ್ಲ. ತೇಲುವ ಸಪ್ಲೈನಲ್ಲಿ ಒಂದು ತಂತಿ ಫ್ರಿಜ್ಜಿನ ಬಾಡಿಗೆ ತಾಗಿದರೆ ಕರೆಂಟ್ ಮರಳುವ ದಾರಿ ಇಲ್ಲದ್ದರಿಂದ ಆರ್‌ಸಿಸಿಬಿ ಸುಮ್ಮನಿರುತ್ತದೆ. ಮೊದಲ ದೋಷಕ್ಕೆ ಯಾರಿಗೂ ಶಾಕ್ ಹೊಡೆಯುವುದಿಲ್ಲ, ಅದು ಗೊತ್ತೂ ಆಗುವುದಿಲ್ಲ. ಎರಡನೆಯ ದೋಷ ಬೇರೊಂದು ಉಪಕರಣದಲ್ಲಿ ಬಂದಾಗ ಎರಡನ್ನೂ ಮುಟ್ಟಿದವರಿಗೆ ಅಪಾಯ. ಕೇಬಲ್ಲಿನ ಕೊನೆಗೆ ಹತ್ತು ಉಪಕರಣ ಸಿಕ್ಕಿಸದೆ ಎರಡು-ಮೂರಕ್ಕೆ ನಿಲ್ಲಿಸಿ ಎನ್ನುವುದು ಇದಕ್ಕೇ.

ಪಾರ್ಕಿಂಗಿನಿಂದ ಮನೆಯವರೆಗೆ

ಕೇಬಲ್ಲಿನ ವಿಡಿಯೋಗಳಲ್ಲಿ ಕಾರು ಸದಾ ಹುಲ್ಲುಹಾಸಿನ ಪಕ್ಕದಲ್ಲಿ ನಿಂತಿರುತ್ತದೆ, ಪಕ್ಕದಲ್ಲೇ ಬಾರ್ಬೆಕ್ಯೂ. ವಾಕಡಿನಲ್ಲೋ ಕೋಥ್ರೂಡಿನಲ್ಲೋ ಕಾರು ಕಟ್ಟಡದ ಕೆಳಗಿನ ಸ್ಟಿಲ್ಟ್ ಪಾರ್ಕಿಂಗಿನಲ್ಲಿ, ಮನೆ ಏಳನೇ ಮಹಡಿಯಲ್ಲಿ. ಪೈಪು-ವಯರು ಹಾಯುವ ಡಕ್ಟಿನೊಳಗೆ ಹತ್ತಿಸಿ ತಂದರೆ 40 ಮೀಟರ್ ವಯರ್ ಬೇಕೇ ಬೇಕು.

2.5 ಚದರ ಮಿಮೀ ತಾಮ್ರದ ವಯರಿಗೆ ಕಿಲೋಮೀಟರಿಗೆ 7.4 ಓಮ್. ಹೋಗಿ ಬರುವ 80 ಮೀಟರಿಗೆ 0.6 ಓಮ್, 14 ಆಂಪಿಯರ್ ಎಳೆದರೆ 8 ವೋಲ್ಟ್ ನಷ್ಟ, ಪರವಾಗಿಲ್ಲ. 1.5 ಚದರ ಮಿಮೀ ಆದರೆ ಸುಮಾರು 13 ವೋಲ್ಟ್. ಅಂಗಡಿಯಲ್ಲಿ ಸಿಗುವ ಸಾಧಾರಣ ಎಕ್ಸ್‌ಟೆನ್ಷನ್ ಬಾಕ್ಸುಗಳ 1 ಚದರ ಮಿಮೀ ವಯರಿನಲ್ಲಿ 20 ವೋಲ್ಟಿಗೂ ಹೆಚ್ಚು ಕಳೆದುಹೋಗುತ್ತದೆ, ಕಳೆದದ್ದೆಲ್ಲ ವಯರಿನಲ್ಲಿ ಬಿಸಿಯಾಗಿ ಕೂರುತ್ತದೆ. ಡ್ರಮ್ಮಿಗೆ ಸುತ್ತಿದ ವಯರನ್ನು ಪೂರ್ತಿ ಬಿಚ್ಚಿಯೇ ಬಳಸಬೇಕು. ಸುತ್ತಿದ್ದಾಗ ಬಿಸಿ ಹೊರಹೋಗದೆ ಪಿವಿಸಿ ಮೆತ್ತಗಾಗುತ್ತದೆ. 16 ಆಂಪಿಯರ್ ಪ್ಲಗ್ಗಿಗೆ 6 ಆಂಪಿಯರ್ ಕನ್ವರ್ಟರ್ ಸಿಕ್ಕಿಸುವ ಚಾಳಿ ಇಲ್ಲಿ ಬೇಡ. ಮಳೆಗಾಲದಲ್ಲಿ ಸಾಕೆಟ್ ಪೆಟ್ಟಿಗೆ ನೆಲದ ಮೇಲೆ ಇರದೆ ಗೋಡೆಗೆ ತೂಗುಹಾಕಿರಲಿ. ಬಾಲ್ಕನಿಯಿಂದ ವಯರ್ ಇಳಿಬಿಡಲು ಸೊಸೈಟಿಗಳು ಬಿಡುವುದಿಲ್ಲ, ಬಿಡಲೂಬಾರದು.

ಈಗ ಮುಖ್ಯ ಎಚ್ಚರಿಕೆ. ಎರಡೂ ತುದಿಗೆ ಗಂಡು ಪ್ಲಗ್ ಹಾಕಿದ ವಯರ್ ಮಾಡಿ, ಕಾರಿನ ಕರೆಂಟನ್ನು ಗೋಡೆಯ ಸಾಕೆಟ್ಟಿಗೆ ತುಂಬುವ ‘ಉಪಾಯ’ವನ್ನು ಯಾವ ವೈರ್‌ಮನ್ ಹೇಳಿದರೂ ಅವನನ್ನು ಕಳಿಸಿಬಿಡಿ. ಮೇನ್ ಸ್ವಿಚ್ ಬಂದ್ ಮಾಡಲು ಒಮ್ಮೆ ಮರೆತರೆ ಕರೆಂಟ್ ಮೀಟರ್ ದಾಟಿ ಹಿಂದಕ್ಕೆ ಹೋಗುತ್ತದೆ, ಟ್ರಾನ್ಸ್‌ಫಾರ್ಮರ್ ಅದನ್ನು 11 ಕೆವಿಗೆ ಏರಿಸಲು ನೋಡುತ್ತದೆ. ಲೈನ್ ಬಂದ್ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ನನ ಜೀವಕ್ಕೆ ಕುತ್ತು. ಅಷ್ಟರಲ್ಲಿ ಸಪ್ಲೈ ಮರಳಿದರೆ ಗ್ರಿಡ್ಡಿನ ಅಲೆಗೂ ಕಾರಿನ ಅಲೆಗೂ ಹೊಂದಾಣಿಕೆ ಇರುವುದಿಲ್ಲ, ಆನ್‌ಬೋರ್ಡ್ ಚಾರ್ಜರ್ ಸುಡುತ್ತದೆ. ಅದು ವಾರಂಟಿಯಲ್ಲೂ ಬರುವುದಿಲ್ಲ.

ಮನೆಯ ವೈರಿಂಗಿಗೆ ಕೊಡಲೇಬೇಕೆಂದರೆ ಡಬಲ್ ಪೋಲ್ ಚೇಂಜ್‌ಓವರ್ ಸ್ವಿಚ್ ಬೇಕು, ಫೇಸ್ ಜತೆ ನ್ಯೂಟ್ರಲನ್ನೂ ಕತ್ತರಿಸುವಂಥದ್ದು. ಫೇಸ್ ಮಾತ್ರ ಬದಲಿಸುವ ಸಿಂಗಲ್ ಪೋಲ್ ಅಗ್ಗ, ಇಲ್ಲಿಗೆ ಆಗದು. ಲೈಸೆನ್ಸ್ ಇರುವ ಕಾಂಟ್ರಾಕ್ಟರೇ ಹಾಕಬೇಕು.

ಇದಕ್ಕಿಂತ ಅಚ್ಚುಕಟ್ಟಾದ ದಾರಿ, ಈಗಾಗಲೇ ಮನೆಯಲ್ಲಿ ಇನ್ವರ್ಟರ್ ಇದ್ದವರಿಗೆ: ಇನ್ವರ್ಟರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಾರಿನಿಂದ ಬಂದ ವಯರಿಗೆ ಹಾಕುವುದು. ಇನ್ವರ್ಟರ್ ಅದನ್ನೇ ಮೇನ್ಸ್ ಎಂದುಕೊಂಡು ಲೋಡಿಗೆ ದಾಟಿಸುತ್ತದೆ, ತನ್ನ ಬ್ಯಾಟರಿಯನ್ನೂ ತುಂಬಿಕೊಳ್ಳುತ್ತದೆ. ನಡುವೆ ಕಾರು ನಿಂತರೂ ಮನೆಯಲ್ಲಿ ದೀಪ ಆರುವುದಿಲ್ಲ. ಒಟ್ಟು ಎಳೆತ ಆರೇಳು ನೂರು ವ್ಯಾಟ್ ಮಾತ್ರವಾದ್ದರಿಂದ 40 ಮೀಟರಿನಲ್ಲೂ ವೋಲ್ಟೇಜ್ ಬೀಳುವುದಿಲ್ಲ. ಒಂದನ್ನು ಮೊದಲೇ ನೋಡಿಸಿ: ಇನ್ವರ್ಟರ್ ಲೈನಿನ ನ್ಯೂಟ್ರಲ್ ಪ್ರತ್ಯೇಕ ಇದೆಯೇ, ಮನೆಯ ನ್ಯೂಟ್ರಲ್ಲಿಗೆ ಸೇರಿಸಿದ್ದಾರೆಯೇ? ಹಳೆಯ ಫ್ಲ್ಯಾಟುಗಳಲ್ಲಿ ಸೇರಿಸಿರುವುದೇ ಹೆಚ್ಚು. ಆಗ ಕಾರಿನ ತೇಲುವ ಔಟ್‌ಪುಟ್ ಬಿಲ್ಡಿಂಗಿನ ನ್ಯೂಟ್ರಲ್ಲಿಗೆ ಕಟ್ಟಿಕೊಳ್ಳುತ್ತದೆ, ಕೆಲವು ಕಾರುಗಳು ಅದನ್ನು ಲೀಕೇಜ್ ಎಂದು ಓದಿ ನಿಂತುಬಿಡುತ್ತವೆ.

ಬ್ಯಾಟರಿ ಎಷ್ಟು ಸವೆಯುತ್ತದೆ ಎಂಬ ಭಯಕ್ಕೆ ಲೆಕ್ಕವೇ ಉತ್ತರ. ಆರು ಗಂಟೆಯ ಗುರುವಾರ: 75 ವ್ಯಾಟಿನ ಮೂರು ಫ್ಯಾನ್ 1.35 ಯೂನಿಟ್, ಎರಡು ಲ್ಯಾಪ್‌ಟಾಪ್ 0.7, ಫ್ರಿಜ್ 0.35, ರೂಟರ್, ದೀಪ ಸೇರಿ ಒಟ್ಟು ಎರಡೂವರೆ ಯೂನಿಟ್. ಪರಿವರ್ತನೆಯ ನಷ್ಟ ಶೇ 10 ಎಂದುಕೊಂಡರೆ 2.8. ಇದರ ಮೇಲೆ ಕಾರಿನ ಸ್ವಂತ ಖರ್ಚು: ವಿ-ಟು-ಎಲ್ ಚಾಲೂ ಇದ್ದಷ್ಟು ಹೊತ್ತೂ ಬ್ಯಾಟರಿಯನ್ನು ಜೋಡಿಸುವ ದೊಡ್ಡ ಸ್ವಿಚ್ಚುಗಳಾದ ಕಾಂಟ್ಯಾಕ್ಟರುಗಳು ಆನ್ ಆಗಿಯೇ ಇರಬೇಕು, ಕಂಪ್ಯೂಟರುಗಳು, ಕೂಲೆಂಟ್ ಪಂಪ್ ಎಚ್ಚರವಿರಬೇಕು. ಅದಕ್ಕೆ 150 ವ್ಯಾಟ್ ಇಟ್ಟರೆ ಇನ್ನೊಂದು 0.9 ಯೂನಿಟ್. ಒಟ್ಟು 3.7, ಅಂದರೆ 45 ಯೂನಿಟ್ಟಿನಲ್ಲಿ ಶೇ 8. ಓಡಾಟದ ಲೆಕ್ಕದಲ್ಲಿ ಸುಮಾರು 25 ಕಿಲೋಮೀಟರ್. ಬ್ಯಾಟರಿಗೆ ಇದು ಗೊತ್ತೇ ಆಗದಷ್ಟು ಸಣ್ಣ ಕೆಲಸ. ಆದರೆ ಬರೀ 10 ವ್ಯಾಟಿನ ರೂಟರಿಗಾಗಿ ಕಾರನ್ನು ಚಾಲೂ ಇಡುವುದು ದಂಡ: ಹದಿನೈದು ಪಟ್ಟು ಕಾರೇ ತಿನ್ನುತ್ತದೆ. ಅದಕ್ಕೆ ಪುಟ್ಟ ರೂಟರ್ ಯುಪಿಎಸ್ ಸಾಕು.

ಗ್ರಿಡ್ಡಿಗೆ ಇದರಿಂದ ಏನು?

ಕಾರುಗಳ ಬ್ಯಾಟರಿಯನ್ನು ವಿದ್ಯುತ್ ಕಂಪನಿಗಳ ಆಸರೆಗೆ ಬಳಸಬಹುದೆಂಬ ವಿಚಾರವನ್ನು ಡೆಲಾವೇರ್ ವಿಶ್ವವಿದ್ಯಾಲಯದ ವಿಲೆಟ್ ಕೆಂಪ್ಟನ್ 1997ರಲ್ಲೇ ಸಹಲೇಖಕರೊಂದಿಗೆ ಮಂಡಿಸಿದ್ದರು. 2011ರ ಭೂಕಂಪ-ಸುನಾಮಿಯ ನಂತರ ಜಪಾನಿನಲ್ಲಿ ನಿಸಾನ್ ಲೀಫ್ ಕಾರಿನಿಂದ ಮನೆಗೆ ಕರೆಂಟ್ ಕೊಡುವ ಸಾಧನ ಮಾರುಕಟ್ಟೆಗೆ ಬಂತು. ಕಾರು ಮತ್ತು ಚಾರ್ಜರ್ ಎರಡೂ ದಿಕ್ಕಿನ ಕರೆಂಟಿನ ಬಗ್ಗೆ ಮಾತಾಡಿಕೊಳ್ಳುವ ಭಾಷೆಯಾದ ಐಎಸ್ಒ 15118-20 ಹೊರಬಂದದ್ದು 2022ರಲ್ಲಿ. ನಮ್ಮಲ್ಲಿ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿ, ಪವಯಿಯ ಐಐಟಿ ಬಾಂಬೆ ಜತೆ ಸೇರಿ ಪ್ರಯೋಗಕ್ಕೆ ಕೈಹಾಕಿದೆ.

ಇವೆಲ್ಲ ವಿ-ಟು-ಜಿ, ಅಂದರೆ ವೆಹಿಕಲ್ ಟು ಗ್ರಿಡ್, ಕಡೆಗಿನ ಹೆಜ್ಜೆಗಳು. ಅದಕ್ಕೂ ನಿಮ್ಮ ಡಿಕ್ಕಿಯಲ್ಲಿರುವ ಕೇಬಲ್ಲಿಗೂ ಹೋಲಿಕೆ ಕಡಿಮೆ. ವಿ-ಟು-ಜಿ ಚಾರ್ಜರ್ ಗ್ರಿಡ್ಡಿನ 50 ಹರ್ಟ್ಸ್ ಅಲೆಯನ್ನು ಹಿಂಬಾಲಿಸಿ ಅದರೊಳಗೆ ಕರೆಂಟ್ ನೂಕುತ್ತದೆ. ಗ್ರಿಡ್ ಹೋದ ತಕ್ಷಣ, ಛಾವಣಿಯ ಸೋಲಾರ್ ಇನ್ವರ್ಟರಿನಂತೆಯೇ, ಲೈನ್‌ಮನ್ನನ ಸುರಕ್ಷತೆಗಾಗಿ ತಾನೂ ನಿಲ್ಲಬೇಕು. ಅಂದರೆ ಗುರುವಾರ ಅದು ಬರೀ ಪೆಟ್ಟಿಗೆ, ಮನೆಯನ್ನು ಬೇರ್ಪಡಿಸುವ ಸ್ವಿಚ್ ಜತೆಗಿಲ್ಲದಿದ್ದರೆ. ವಿ-ಟು-ಎಲ್ ಇದರ ತದ್ವಿರುದ್ಧ: ತನ್ನದೇ ಅಲೆ ಹುಟ್ಟಿಸುತ್ತದೆ, ಗ್ರಿಡ್ ಜತೆ ಸೇರಿಸಿದರೆ ಸುಡುತ್ತದೆ. ಛಾವಣಿಯ ಸೋಲಾರಿಗೆ ನೆಟ್ ಮೀಟರ್ ಇರುವ ಹಾಗೆ ಕಾರಿನಿಂದ ಯೂನಿಟ್ ಮಾರುವ ಮೀಟರನ್ನು ಪುಣೆಯ ಮನೆಯೊಂದಕ್ಕೆ ಇವತ್ತು ಹಾಕಿಸಿಕೊಳ್ಳುವ ದಾರಿಯಿಲ್ಲ.

ಹಾಗಾದರೆ ಸಂಜೆ ಪೀಕ್ ಹೊತ್ತಿನಲ್ಲಿ ಫ್ಯಾನು-ಫ್ರಿಜ್ಜನ್ನು ಕಾರಿಗೆ ಹಾಕಿ ಗ್ರಿಡ್ಡಿಗೆ ಉಪಕಾರ ಮಾಡಬಹುದಲ್ಲ, ದುಡ್ಡೂ ಉಳಿಯುತ್ತದಲ್ಲ? ಲೆಕ್ಕ ಹಾಕಿ. 2025ರ ಜುಲೈನಿಂದ ಮಹಾವಿತರಣದ ಟಿಒಡಿ ಮೀಟರ್ (ಹೊತ್ತಿಗೆ ತಕ್ಕಂತೆ ಬಳಕೆ ಅಳೆಯುವುದು) ಇರುವ ಮನೆಗಳಿಗೆ ಬೆಳಿಗ್ಗೆ 9ರಿಂದ ಸಂಜೆ 5ರವರೆಗಿನ ಬಳಕೆಗೆ ಯೂನಿಟ್ಟಿಗೆ 80 ಪೈಸೆಯಿಂದ 1 ರೂಪಾಯಿವರೆಗೆ ರಿಯಾಯಿತಿ. ಲೆಕ್ಕದ ಅನುಕೂಲಕ್ಕೆ ದರ 10 ರೂಪಾಯಿ, ಹಗಲಿನದು 9 ಎಂದಿಟ್ಟುಕೊಳ್ಳಿ. ತುಂಬುವಾಗ ಒಮ್ಮೆ, ತೆಗೆಯುವಾಗ ಒಮ್ಮೆ ಕಳೆದು ಕೊಟ್ಟ ಯೂನಿಟ್ಟಿನಲ್ಲಿ ಶೇ 80 ಕೈಗೆ ಬರುತ್ತದೆ. 9 ರೂಪಾಯಿಯದು 11.25 ಆಯಿತು. ಸಂಜೆ ನೇರವಾಗಿ ಕೊಂಡರೆ 10. ಇದಕ್ಕೆ ಕಾರಿನ ಸ್ವಂತ ಖರ್ಚು, ಬ್ಯಾಟರಿ ಸವೆತ ಸೇರಿಸಿಯೇ ಇಲ್ಲ.

ಗ್ರಿಡ್ಡಿಗೆ ನಿಜವಾಗಿ ನೆರವಾಗುವುದು ಕಾರು ಕರೆಂಟ್ ಕೊಡುವ ಹೊತ್ತಲ್ಲ, ಕುಡಿಯುವ ಹೊತ್ತು. ಸಂಜೆ ಒಂದು ಮನೆಯ ಅರ್ಧ ಕಿಲೋವ್ಯಾಟನ್ನು ಕಾರಿಗೆ ಹಾಕಿದರೆ ಇಳಿಯುವುದು ಅರ್ಧ ಕಿಲೋವ್ಯಾಟ್. ಅದೇ ಸಂಜೆ ಎಂಟಕ್ಕೆ 7.2 ಕಿಲೋವ್ಯಾಟ್ ವಾಲ್ ಚಾರ್ಜರಿಗೆ ಸಿಕ್ಕಿಸುವ ಬದಲು ಬೇರೆ ಹೊತ್ತಿಗೆ ಹಾಕಿದರೆ ಇಳಿಯುವುದು 7.2, ಹದಿನಾಲ್ಕು ಪಟ್ಟು. 50 ಕಾರಿನ ಸೊಸೈಟಿಯಲ್ಲಿ ಎಲ್ಲರೂ ಆಫೀಸಿನಿಂದ ಬಂದು ಒಟ್ಟಿಗೆ ಹಾಕಿದರೆ 360 ಕಿಲೋವ್ಯಾಟ್. 630 ಕೆವಿಎ ಟ್ರಾನ್ಸ್‌ಫಾರ್ಮರಿಗೆ ಎಸಿ, ಲಿಫ್ಟು, ಪಂಪಿನ ಜತೆ ಅದು ಭಾರವೇ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ಕಾರಿಗೆ ಸುಮಾರು 150 ಯೂನಿಟ್ ಬೇಕು. ಮನೆಯಿಂದ ಕೆಲಸ ಮಾಡುವವರು ಮಧ್ಯಾಹ್ನ ತುಂಬಿದರೆ ತಿಂಗಳಿಗೆ ನೂರೈವತ್ತು ರೂಪಾಯಿವರೆಗೂ ಉಳಿತಾಯ. ಹಿಂಜವಡಿಗೆ ಹೋಗುವವರಿಗೆ ಆಫೀಸಿನ ಪಾರ್ಕಿಂಗಿನಲ್ಲಿ ಪಾಯಿಂಟ್ ಸಿಕ್ಕರೆ ಅದೇ ಉತ್ತಮ. ಎರಡೂ ಆಗದವರು ಮಧ್ಯರಾತ್ರಿಯ ನಂತರಕ್ಕೆ ಟೈಮರ್ ಇಡಿ, ಆದರೆ ಎಲ್ಲರೂ ಹನ್ನೆರಡಕ್ಕೇ ಇಟ್ಟರೆ ಹನ್ನೆರಡಕ್ಕೆ ಹೊಸ ಪೀಕ್ ಹುಟ್ಟುತ್ತದೆ. ಒಬ್ಬರು 12.20, ಇನ್ನೊಬ್ಬರು 1.10 ಎಂದು ಹಂಚಿಕೊಳ್ಳುವುದನ್ನು ಸೊಸೈಟಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಹತ್ತು ನಿಮಿಷದಲ್ಲಿ ಮುಗಿಸಬಹುದು. ಮನೆಯ ಮೀಟರಿನಿಂದಲೇ ತುಂಬಿದರೆ 300 ಯೂನಿಟ್ ದಾಟಿ ಮೇಲಿನ ಸ್ಲ್ಯಾಬಿಗೆ ಹೋಗುವುದನ್ನೂ ಗಮನಿಸಿ.

ಅಂದ ಹಾಗೆ, ಗ್ರಿಡ್ ಆಸರೆಗೆ ಪುಣೆಯ ನಗರ ಸಾರಿಗೆ ಪಿಎಂಪಿಎಂಎಲ್‌ನ ಎಲೆಕ್ಟ್ರಿಕ್ ಬಸ್ಸುಗಳನ್ನು ತೋರಿಸುವವರೂ ಇದ್ದಾರೆ. ಬ್ಯಾಟರಿ ದೊಡ್ಡದು ನಿಜ, ಆದರೆ ಸಂಜೆ ಏಳಕ್ಕೆ ಅವು ಡಿಪೋದಲ್ಲಿರುವುದಿಲ್ಲ, ಜನ ತುಂಬಿಕೊಂಡು ರಸ್ತೆಯಲ್ಲಿರುತ್ತವೆ. ಅಮೆರಿಕದಲ್ಲಿ ಶಾಲಾ ಬಸ್ಸುಗಳನ್ನು ಈ ಕೆಲಸಕ್ಕೆ ಆರಿಸಿಕೊಂಡದ್ದು ಅವು ಸಂಜೆ ಖಾಲಿ ನಿಲ್ಲುತ್ತವೆಂದೇ.

ಕೊಳ್ಳಬೇಕೇ? ರೋ ಹೌಸ್, ಬಂಗಲೆಯವರು, ಮಳೆಗಾಲದಲ್ಲಿ ಕರೆಂಟ್ ಕೈಕೊಡುವ ಗೋವೆಯ ಹಳ್ಳಿಗಳಲ್ಲಿ ಅಂಗಳದಲ್ಲೇ ಕಾರು ನಿಲ್ಲಿಸುವವರು ಕಣ್ಣುಮುಚ್ಚಿ ಕೊಳ್ಳಬಹುದು, ಐದಕ್ಕೆ ನಾಲ್ಕೂವರೆ ಅಂಕ. ಪುಣೆಯ ಮೂರು-ನಾಲ್ಕನೇ ಮಹಡಿಯವರೆಗೆ, ಡಕ್ಟಿಗೆ ಸೊಸೈಟಿಯ ಒಪ್ಪಿಗೆ ಇದ್ದರೆ, ಮೂರೂವರೆ. ಅದಕ್ಕಿಂತ ಮೇಲಿನವರಿಗೆ ಒಳ್ಳೆಯ ಇನ್ವರ್ಟರೇ ಲೇಸು. ಮುಂಬೈ ಶಹರದಲ್ಲಿ ಪೆಟ್ಟಿಗೆ ಬಿಚ್ಚುವ ಪ್ರಸಂಗವೇ ಅಪರೂಪ: ನಗರಕ್ಕೆ ನಗರವೇ ಕರೆಂಟಿಲ್ಲದೆ ನಿಂತ 2020ರ ಅಕ್ಟೋಬರ್ 12ರಂಥ ದಿನ ಮತ್ತೆ ಬಂದರೆ ಉಂಟು. ಡೀಸೆಲ್ ಜನರೇಟರಿನಂತೆ ಹೊಗೆ ಇಲ್ಲದ್ದರಿಂದ ಬೇಸ್‌ಮೆಂಟಿನಲ್ಲೂ ಓಡಿಸಬಹುದೆಂಬುದು ಎಲ್ಲರಿಗೂ ಸಲ್ಲುವ ಗುಣ.

ಶುಕ್ರವಾರ ಬೆಳಿಗ್ಗೆ ಬೆಳಗಾವಿ, ಹುಬ್ಬಳ್ಳಿ ಕಡೆ ಹೊರಡುವವರು ಗುರುವಾರ ಡಿಸ್ಚಾರ್ಜ್ ಮಿತಿಯನ್ನು ಶೇ 20ಕ್ಕೆ ಬಿಡದೆ ಶೇ 60ಕ್ಕೆ ಇಡಿ. 60ರಿಂದ ನೂರಕ್ಕೆ 18 ಯೂನಿಟ್, ನಷ್ಟ ಸೇರಿ 20. ಸಾಮಾನ್ಯ 16 ಆಂಪಿಯರ್ ಸಾಕೆಟ್ಟಿನಲ್ಲಿ ಆರೂವರೆ-ಏಳು ಗಂಟೆಯ ಕೆಲಸ. ರಾತ್ರಿ ಹನ್ನೊಂದಕ್ಕೆ ಹಾಕಿದರೆ ಆರಕ್ಕೆ ಸ್ನಾನ ಮುಗಿಸಿ ಇಳಿಯುವಷ್ಟರಲ್ಲಿ ತುಂಬಿರುತ್ತದೆ.